ಮನೆಯಲ್ಲಿ ಬಳಸಿದ ಸೂಜಿ: ಮೈಸೂರಿನಲ್ಲಿ ಎಲ್ಲಿಗೆ ಹೋಗುತ್ತಿದೆ, ಎಲ್ಲಿಗೆ ಹೋಗಬೇಕು

ಆಸ್ಪತ್ರೆಯ ವಾರ್ಡಿನಲ್ಲಿ ನರ್ಸ್ ಕೊಟ್ಟ ಇನ್ಸುಲಿನ್ ಇಂಜೆಕ್ಷನ್ನಿನ ಸೂಜಿ ಎಲ್ಲಿಗೆ ಹೋಗಬೇಕು ಎಂಬುದರಲ್ಲಿ ಗೊಂದಲವಿಲ್ಲ. ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ ಬೀಳಬೇಕು, ಡಬ್ಬಿಗೆ ಬಾರ್‌ಕೋಡ್ ಅಂಟಿಸಬೇಕು, ಹಲವು ಆಸ್ಪತ್ರೆಗಳ ಕಸವನ್ನು ಒಂದೆಡೆ ಸಂಸ್ಕರಿಸುವ ಸಾಮೂಹಿಕ ಸಂಸ್ಕರಣಾ ಘಟಕದ ಗಾಡಿ ಬಂದು ಒಯ್ಯಬೇಕು, ಅಲ್ಲಿ ಅದು ಹಬೆಯಲ್ಲಿ ಬೆಂದು ಪುಡಿಯಾಗಬೇಕು. ಅದೇ ರೋಗಿ ಡಿಸ್ಚಾರ್ಜ್ ಆಗಿ ಕುವೆಂಪುನಗರದ ಮನೆಗೆ ಬಂದು ಮರುದಿನ ಬೆಳಿಗ್ಗೆ ತಾನೇ ಚುಚ್ಚಿಕೊಂಡಾಗ, ಅದೇ ಅಳತೆಯ ಸೂಜಿ ಅಡುಗೆಮನೆಯ ಕಸದ ಬುಟ್ಟಿಗೆ ಬೀಳುತ್ತದೆ. ಅಲ್ಲಿಂದ ಮುಂದೆ ಅದನ್ನು ಮುಟ್ಟುವವರು ತರಬೇತಿ ಪಡೆದ ನರ್ಸ್ ಅಲ್ಲ, ಹೊತ್ತು ಮೂಡುವ ಮೊದಲೇ ಬೀದಿಗಿಳಿಯುವ ಪೌರಕಾರ್ಮಿಕರು.

ಮನೆಯ ಸೂಜಿಗಳ ಲೆಕ್ಕ ಸಣ್ಣದಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಅವರೆಲ್ಲರೂ ಇನ್ಸುಲಿನ್ ತೆಗೆದುಕೊಳ್ಳುವುದಿಲ್ಲ, ನಿಜ. ಆದರೆ ದಿನಕ್ಕೆ ಎರಡು ಸಲ ತೆಗೆದುಕೊಳ್ಳುವ ಒಬ್ಬರು ಪ್ರತಿ ಸಲ ಹೊಸ ಸೂಜಿ ಬಳಸಿದರೆ ವರ್ಷಕ್ಕೆ 730 ಸೂಜಿ ಆಗುತ್ತದೆ. ದಿನಕ್ಕೆ ನಾಲ್ಕು ಸಲವಾದರೆ 1,460. ಮನೆಯಲ್ಲೇ ಶುಗರ್ ನೋಡಿಕೊಳ್ಳುವವರು ಬೆರಳು ಚುಚ್ಚಲು ಬಳಸುವ ಲ್ಯಾನ್ಸೆಟ್‌ಗಳು ಇದರ ಮೇಲೆ. ಆಪರೇಷನ್ ಆದಮೇಲೆ ರಕ್ತ ಹೆಪ್ಪುಗಟ್ಟದಂತೆ ಹೊಟ್ಟೆಗೆ ಚುಚ್ಚುವ ಇಂಜೆಕ್ಷನ್, ಬಂಜೆತನದ ಚಿಕಿತ್ಸೆಯ ಹಾರ್ಮೋನ್, ಮೂಳೆ ಸವೆತಕ್ಕೆ ದಿನಾ ಕೊಡುವ ಔಷಧ, 2025ರಲ್ಲಿ ಇಲ್ಲಿನ ಮಾರುಕಟ್ಟೆಗೆ ಬಂದ ತೂಕ ಇಳಿಸುವ ವಾರಕ್ಕೊಂದರ ಇಂಜೆಕ್ಷನ್‌ಗಳು, ಎಲ್ಲವೂ ಮನೆಯೊಳಗೇ ಆಗುತ್ತಿವೆ. ಚಿಕಿತ್ಸೆ ಆಸ್ಪತ್ರೆಯಿಂದ ಮನೆಗೆ ಬಂತು. ಬಿಳಿ ಡಬ್ಬಿ ಅದರ ಜೊತೆ ಬರಲಿಲ್ಲ.

ವಿಂಗಡಿಸುವ ಊರಿನ ಕಷ್ಟ

ಮೈಸೂರು 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ದೇಶಕ್ಕೆ ಮೊದಲು ಬಂದ ಊರು. ಮನೆಮನೆಯಿಂದ ಕಸ ಎತ್ತುವ ವ್ಯವಸ್ಥೆ, ಕುಂಬಾರಕೊಪ್ಪಲಿನಂಥ ಶೂನ್ಯ ತ್ಯಾಜ್ಯ ಘಟಕಗಳು, ಅಲ್ಲಿ ತಯಾರಾಗುವ ಗೊಬ್ಬರ, ಬೇರ್ಪಡಿಸಿ ಮಾರುವ ಒಣಕಸ, ಇವೆಲ್ಲ ಊರಿಗೆ ಹೆಸರು ತಂದಿವೆ. ಆದರೆ ಈ ವ್ಯವಸ್ಥೆಯ ಜೀವಾಳ ಕೈಯಿಂದ ಮಾಡುವ ವಿಂಗಡಣೆ. ಕಸವನ್ನು ಮುಟ್ಟದೆ ಒಂದೆಡೆ ಸುರಿದುಬಿಡುವ ಊರಿನಲ್ಲಿ ಸೂಜಿ ರಾಶಿಯೊಳಗೆ ಹೂತುಹೋಗುತ್ತದೆ. ಪ್ರತಿಯೊಂದು ಕವರ್ ಬಿಚ್ಚಿ ನೋಡುವ ಊರಿನಲ್ಲಿ ಅದು ಕೈಗೆ ಸಿಗುತ್ತದೆ. ಕಸವನ್ನು ಹೆಚ್ಚು ಚೆನ್ನಾಗಿ ನಿಭಾಯಿಸುವ ಊರಿಗೇ ಸೂಜಿಯ ವ್ಯವಸ್ಥೆ ಹೆಚ್ಚು ತುರ್ತು. ಮೈಸೂರು ಈ ಕೆಲಸವನ್ನು ಬೇರೆ ಊರುಗಳಿಗಿಂತ ಮೊದಲು ಮಾಡಬೇಕು ಎನ್ನುವುದಕ್ಕೆ ಇದೇ ಕಾರಣ.

ಚುಚ್ಚುವುದು ಎಲ್ಲಿ, ಹೇಗೆ ಎಂದು ನೋಡಿದರೆ ಪರಿಹಾರವೂ ಕಾಣುತ್ತದೆ. ತುಂಬಿದ ಪ್ಲಾಸ್ಟಿಕ್ ಕವರನ್ನು ಎತ್ತಿ ನಡೆಯುವಾಗ ಅದು ತೊಡೆಗೆ, ಮೊಣಕಾಲಿಗೆ ತಾಗುತ್ತಿರುತ್ತದೆ. ಕವರಿನ ಹಾಳೆಯನ್ನು ಸೀಳಿ ಹೊರಬಂದ ಸೂಜಿ ಮೊದಲು ಚುಚ್ಚುವುದು ಅಲ್ಲಿ. ಆಟೋ ಟಿಪ್ಪರ್ ತುಂಬುತ್ತಾ ಬಂದಾಗ ಜಾಗ ಮಾಡಲು ಕಸವನ್ನು ಅಂಗೈಯಿಂದ ಒತ್ತುತ್ತಾರೆ, ಕೆಲವೊಮ್ಮೆ ಮೇಲೆ ನಿಂತು ತುಳಿಯುತ್ತಾರೆ. ಗಂಟು ಹಾಕಿದ ಕವರನ್ನು ಬಿಚ್ಚುವ ಪುರುಸೊತ್ತಿಲ್ಲದೆ ಬೆರಳು ತೂರಿಸಿ ಹರಿಯುತ್ತಾರೆ. ವಿಂಗಡಣೆಯ ಜಾಗದಲ್ಲಿ ಹೆಂಗಸರು ರಾಶಿಯನ್ನು ಕೈಯಿಂದ ಹರಡುತ್ತಾರೆ. ಹಸಿಕಸದಲ್ಲಿ ಬಿದ್ದ ಸೂಜಿ ಇನ್ನೂ ಮುಂದೆ ಹೋಗುತ್ತದೆ: ಕೊಳೆತು ಗೊಬ್ಬರವಾಗುವ ರಾಶಿಯಲ್ಲಿ ಉಕ್ಕು ಕೊಳೆಯುವುದಿಲ್ಲ, 4 ಮಿಲಿಮೀಟರ್ ಉದ್ದದ ಪೆನ್ ನೀಡಲ್ (ಪೆನ್ನಿನಾಕಾರದ ಇನ್ಸುಲಿನ್ ಸಾಧನದ ತುದಿಗೆ ಹಾಕುವ ಸೂಜಿ) ತನ್ನ ತಳದ ಪ್ಲಾಸ್ಟಿಕ್‌ನಿಂದ ಕಳಚಿಕೊಂಡರೆ ಜರಡಿಯ ಕಣ್ಣಿನಲ್ಲೂ ನುಸುಳಿ ಗದ್ದೆ, ತೋಟಗಳನ್ನು ಸೇರುತ್ತದೆ. ಎಲ್ಲೂ ವಿಂಗಡಣೆಯಾಗದ ಕಸ ವಿದ್ಯಾರಣ್ಯಪುರಂನ ಸೂಯೆಜ್ ಫಾರಂನಂಥ ಕಡೆ ಬಿದ್ದಾಗ ಅಲ್ಲಿ ಗುಜರಿ ಆಯುವವರ ಚಪ್ಪಲಿಯೇ ತಡೆ.

ಕೈಗವಸು ಕೊಟ್ಟಿದ್ದೇವಲ್ಲ ಎಂಬ ಉತ್ತರ ಸಿದ್ಧವಾಗಿರುತ್ತದೆ. ಬಟ್ಟೆಯ ಕೈಗವಸಾಗಲಿ ತೆಳು ರಬ್ಬರಿನದಾಗಲಿ ಸೂಜಿಯನ್ನು ತಡೆಯುವುದಿಲ್ಲ. 32 ಗೇಜ್‌ನ ಪೆನ್ ನೀಡಲ್‌ನ ದಪ್ಪ ಕೇವಲ 0.23 ಮಿಲಿಮೀಟರ್; ಚರ್ಮದಲ್ಲಿ ನೋವಿಲ್ಲದೆ ಇಳಿಯಲೆಂದೇ ಮಾಡಿದ ಸೂಜಿ ರಬ್ಬರಿನಲ್ಲೂ ಸುಲಭವಾಗಿ ಇಳಿಯುತ್ತದೆ. ಕೈಗವಸು ಹಾಕಿದ್ದರೆ ಸೂಜಿಯ ಹೊರಮೈಗೆ ಅಂಟಿದ ರಕ್ತ ಒಂದಿಷ್ಟು ಒರೆಸಿಹೋಗುತ್ತದೆ, ಆದ್ದರಿಂದ ಬಿಡಬಾರದು. ಆದರೆ ವಿಂಗಡಣೆಗೆ ಬೇಕಾದದ್ದು ಚುಚ್ಚು ತಡೆಯುವ ದಪ್ಪ ಅಂಗೈಯ ಕೈಗವಸು, ಉದ್ದ ಹಿಡಿಯ ಚಿಮ್ಮಟ, ಗಟ್ಟಿ ಅಡಿಯ ಬೂಟು. ಜೊತೆಗೆ ಕವರನ್ನು ಹರಿಯಲು ಬೆರಳಿನ ಬದಲು ಒಂದು ಕೊಕ್ಕೆ.

ಅಪಾಯ ಎಷ್ಟು?

ಭಯವನ್ನು ಹೆಚ್ಚಿಸಿಯೂ ಹೇಳಬಾರದು, ಇಳಿಸಿಯೂ ಹೇಳಬಾರದು. ಸೋಂಕಿತ ರಕ್ತವಿರುವ ಸೂಜಿ ಚುಚ್ಚಿದಾಗ ಎಚ್‌ಐವಿ ತಗಲುವ ಸಾಧ್ಯತೆ ಸುಮಾರು ಶೇ. 0.3, ಅಂದರೆ ಮುನ್ನೂರರಲ್ಲಿ ಒಂದು. ಹೆಪಟೈಟಿಸ್ ಸಿ ಸಾಧ್ಯತೆ ಹಳೆಯ ಅಂದಾಜಿನಂತೆ ಶೇ. 1.8, ಹೊಸ ಅಧ್ಯಯನಗಳಲ್ಲಿ ಅದಕ್ಕಿಂತ ಕಡಿಮೆ. ಹೆಪಟೈಟಿಸ್ ಬಿ ಮಾತ್ರ ಬೇರೆಯೇ ಮಟ್ಟದ್ದು: ಲಸಿಕೆ ಹಾಕಿಸಿಕೊಳ್ಳದವರಿಗೆ ಶೇ. 6ರಿಂದ 30ರವರೆಗೆ. ಈ ವೈರಸ್ ದೇಹದ ಹೊರಗೆ ಒಣಗಿದ ಮೇಲ್ಮೈಯಲ್ಲೂ ಏಳು ದಿನ ಬದುಕುತ್ತದೆ. ಇವು ಆಸ್ಪತ್ರೆಗಳಲ್ಲಿ, ರೋಗಿಯಿಂದ ತೆಗೆದ ತಕ್ಷಣ ಚುಚ್ಚಿದ ಸೂಜಿಗಳ ಲೆಕ್ಕ. ಕಸದಲ್ಲಿ ದಿನಗಟ್ಟಲೆ ಬಿದ್ದ ಇನ್ಸುಲಿನ್ ಸೂಜಿಯಿಂದ ಸೋಂಕು ತಗಲುವ ಸಾಧ್ಯತೆ ಇನ್ನೂ ಕಡಿಮೆ, ಏಕೆಂದರೆ ಅದು ರಕ್ತನಾಳಕ್ಕಲ್ಲ, ಚರ್ಮದ ಕೆಳಗಿನ ಕೊಬ್ಬಿಗೆ ಚುಚ್ಚುವುದು. ಆದರೆ ರಾಶಿಯಲ್ಲಿ ಸಿಕ್ಕ ಸೂಜಿ ಯಾರದು, ಯಾತಕ್ಕೆ ಬಳಸಿದ್ದು ಎಂದು ಚುಚ್ಚಿಸಿಕೊಂಡವರಿಗೆ ಗೊತ್ತಾಗುವುದಿಲ್ಲ. ಆಗ ಔಷಧ, ಮೂರು ತಿಂಗಳವರೆಗೆ ಮತ್ತೆ ಮತ್ತೆ ರಕ್ತಪರೀಕ್ಷೆ, ಅಷ್ಟು ಕಾಲ ಮನೆಯವರಿಗೂ ಹೇಳಿಕೊಳ್ಳಲಾಗದ ಆತಂಕ, ಆಸ್ಪತ್ರೆಗೆ ಹೋದ ದಿನದ ಕೂಲಿ ನಷ್ಟ. ಸೋಂಕು ತಗಲದಿದ್ದರೂ ಒಂದು ಚುಚ್ಚು ಇಷ್ಟನ್ನು ಕಸಿಯುತ್ತದೆ.

ಹೆಪಟೈಟಿಸ್ ಬಿ ಬಗ್ಗೆ ಇನ್ನೊಂದು ಮಾತು ಇಲ್ಲೇ ಹೇಳಬೇಕು. ಮಕ್ಕಳ ಸಾರ್ವತ್ರಿಕ ಲಸಿಕೆ ಕಾರ್ಯಕ್ರಮದಲ್ಲಿ ಈ ಲಸಿಕೆ 2002ರಲ್ಲಿ ಪ್ರಾಯೋಗಿಕವಾಗಿ ಶುರುವಾಗಿ ದೇಶದ ಎಲ್ಲೆಡೆ ಬಂದದ್ದು 2011ರ ಹೊತ್ತಿಗೆ. ಇಂದು ಕಸ ಎತ್ತುತ್ತಿರುವ ಮೂವತ್ತು, ನಲವತ್ತು, ಐವತ್ತರ ವಯಸ್ಸಿನವರು ಬೇರೆಯಾಗಿ ಹಾಕಿಸಿಕೊಂಡಿರದಿದ್ದರೆ ಅವರಿಗೆ ರಕ್ಷಣೆಯೇ ಇಲ್ಲ.

ಕಾನೂನು ಮನೆ ಬಾಗಿಲವರೆಗೂ ಬಂದಿದೆ

ಮನೆಯ ಸೂಜಿಗೆ ನಿಯಮವೇ ಇಲ್ಲ ಎಂದು ಹಲವರು ತಿಳಿದಿದ್ದಾರೆ. ಇದೆ. 2016ರ ಮಾರ್ಚ್‌ನಲ್ಲಿ ಹೊರಬಂದ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಮೊದಲ ಅನುಸೂಚಿಯಲ್ಲೇ ಮನೆಗಳ ವೈದ್ಯಕೀಯ ಕಸದ ಮಾತು ಬರುತ್ತದೆ: ಅದನ್ನು ಬೇರ್ಪಡಿಸಿ, ಬೇರೆ ಚೀಲ ಅಥವಾ ಡಬ್ಬಿಯಲ್ಲಿ ಪಾಲಿಕೆಯ ಕಸ ಸಂಗ್ರಹಿಸುವವರಿಗೆ ಕೊಡಬೇಕು, ನಗರ ಸ್ಥಳೀಯ ಸಂಸ್ಥೆ ಸಾಮೂಹಿಕ ಸಂಸ್ಕರಣಾ ಘಟಕದೊಡನೆ ಒಪ್ಪಂದ ಮಾಡಿಕೊಂಡು ಒಣಕಸ ವಿಂಗಡಣಾ ಕೇಂದ್ರದಿಂದ ಅಥವಾ ನೇರ ಮನೆಯಿಂದ ಅದನ್ನು ಸಾಗಿಸಬೇಕು. ಅದೇ ವರ್ಷ ಏಪ್ರಿಲ್‌ನ ಘನತ್ಯಾಜ್ಯ ನಿಯಮಗಳು ಬಳಸಿದ ಸೂಜಿ, ಸಿರಿಂಜ್‌ಗಳನ್ನು ಅವಧಿ ಮೀರಿದ ಮಾತ್ರೆ, ಟ್ಯೂಬ್‌ಲೈಟ್, ಬ್ಯಾಟರಿಗಳ ಸಾಲಿಗೆ, ‘ಮನೆಯ ಅಪಾಯಕಾರಿ ಕಸ’ದ ಸಾಲಿಗೆ ಸೇರಿಸಿದವು. ಇಂಥ ಕಸ ಒಪ್ಪಿಸಲು ಪ್ರತಿ 20 ಚದರ ಕಿಲೋಮೀಟರಿಗೆ ಒಂದು ಕೇಂದ್ರ ಇರಬೇಕು, ಅದು ತೆರೆದಿರುವ ಹೊತ್ತನ್ನು ಜನರಿಗೆ ತಿಳಿಸಬೇಕು ಎಂದೂ ಅವು ಹೇಳಿದವು. ನೂರು ಚದರ ಕಿಲೋಮೀಟರ್ ದಾಟಿದ ಮೈಸೂರಿಗೆ ಆ ಲೆಕ್ಕದಲ್ಲಿ ಕನಿಷ್ಠ ಆರು ಕೇಂದ್ರ ಬೇಕು. 2026ರ ಹೊಸ ಘನತ್ಯಾಜ್ಯ ನಿಯಮಗಳು ಹಸಿ, ಒಣ, ಸ್ಯಾನಿಟರಿ, ವಿಶೇಷ ಜಾಗ್ರತೆಯ ಕಸ ಎಂದು ಮನೆಯಲ್ಲೇ ನಾಲ್ಕು ಭಾಗ ಮಾಡಲು ಹೇಳುತ್ತವೆ.

ಅಂದರೆ ಕಾಗದದ ಮೇಲೆ ಸರಪಳಿ ಪೂರ್ತಿ ಇದೆ. ತುಂಡಾಗುವುದು ಟಿಪ್ಪರ್‌ನಲ್ಲಿ. ಮನೆಯವರು ಎಷ್ಟೇ ಜೋಪಾನವಾಗಿ ಡಬ್ಬಿಯಲ್ಲಿ ಕೊಟ್ಟರೂ ಗಾಡಿಯಲ್ಲಿ ಅದನ್ನು ಇಡಲು ಬೇರೆ ಜಾಗವಿರದಿದ್ದರೆ ಅದು ಒಣಕಸದ ರಾಶಿ ಸೇರುತ್ತದೆ. ಒಣಕಸದಲ್ಲಿ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಬೆಲೆ ಇದೆ. ಬೆಲೆ ಇರುವ ಡಬ್ಬಿಯನ್ನು ಯಾರೋ ತೆರೆದು, ಒಳಗಿನದನ್ನು ಸುರಿದು, ಡಬ್ಬಿ ಇಟ್ಟುಕೊಳ್ಳುತ್ತಾರೆ. ಹೀಗಾದರೆ ಮನೆಯವರ ಎಚ್ಚರಿಕೆಯೆಲ್ಲ ಬೇರೊಬ್ಬರ ಅಂಗೈಗೆ ಐವತ್ತು ಸೂಜಿಗಳನ್ನು ಒಟ್ಟಿಗೆ ಸುರಿದಂತೆ ಆಗುತ್ತದೆ.

ಮನೆಯಲ್ಲಿ ಮಾಡಬೇಕಾದದ್ದು

ಮೊದಲು ಡಬ್ಬಿ. ಬಟ್ಟೆ ಒಗೆಯುವ ಲಿಕ್ವಿಡ್ ಡಿಟರ್ಜೆಂಟ್ ಬರುವಂಥ, ಬೆರಳಿನಿಂದ ಒತ್ತಿದರೆ ತಗ್ಗಾಗದ, ಬೆಳಕು ಹಾಯದ ದಪ್ಪ ಪ್ಲಾಸ್ಟಿಕ್ ಕ್ಯಾನ್ ಇದಕ್ಕೆ ಸರಿ. ಮುಚ್ಚಳ ತಿರುಗಿಸಿ ಬಿಗಿಯುವಂತಿರಬೇಕು. ಬಾಯಿ ಸಿರಿಂಜ್ ಇಳಿಯುವಷ್ಟು ಅಗಲ, ಆದರೆ ಕೈ ಹೋಗದಷ್ಟು ಕಿರಿದು ಇದ್ದರೆ ಒಳ್ಳೆಯದು. ನೀರಿನ ಬಾಟಲಿ ಬೇಡ: ಅದರ ತೆಳು ಗೋಡೆಯನ್ನು ಸೂಜಿ ಸುಲಭವಾಗಿ ದಾಟುತ್ತದೆ, ತುಳಿದರೆ ಚಪ್ಪಟೆಯಾಗುತ್ತದೆ, ಗುಜರಿಯಲ್ಲಿ ಅದಕ್ಕೆ ಬೇಡಿಕೆಯೂ ಇದೆ. ಗಾಜಿನ ಬಾಟಲಿ ಒಡೆದರೆ ಒಂದು ಅಪಾಯ ಎರಡಾಗುತ್ತದೆ. ಹಾಲಿನ ಕವರ್, ಮಾತ್ರೆ ತಂದ ಕಾಗದದ ಚೀಲ, ಇನ್ಸುಲಿನ್‌ನ ರಟ್ಟಿನ ಡಬ್ಬಿ ಯಾವುದೂ ಆಗದು. ಮೆಡಿಕಲ್ ಸ್ಟೋರುಗಳಲ್ಲಿ, ಆನ್‌ಲೈನ್‌ನಲ್ಲಿ ಚೂಪಾದ ವಸ್ತುಗಳಿಗೆಂದೇ ಮಾಡಿದ ಸಣ್ಣ ಶಾರ್ಪ್ಸ್ ಡಬ್ಬಿಗಳು ಸಿಗುತ್ತವೆ. ಕೊಳ್ಳುವ ಶಕ್ತಿ ಇದ್ದವರಿಗೆ ಅದು ಎಲ್ಲಕ್ಕಿಂತ ಉತ್ತಮ. ಒಂದು ಲೀಟರಿನ ಕ್ಯಾನ್‌ನಲ್ಲಿ ಸುಮಾರು ಅರವತ್ತು ಇನ್ಸುಲಿನ್ ಸಿರಿಂಜ್, ಅಂದರೆ ದಿನಕ್ಕೆರಡು ಬಳಸುವವರ ಒಂದು ತಿಂಗಳ ಸೂಜಿ, ಹಿಡಿಸುತ್ತದೆ. ಹೊರ ಕ್ಯಾಪ್ ಸಮೇತ ಪೆನ್ ನೀಡಲ್ ಆದರೆ ಇನ್ನೂರರ ಆಸುಪಾಸು.

ಡಬ್ಬಿಯನ್ನು ಚುಚ್ಚಿಕೊಳ್ಳುವ ಜಾಗದಲ್ಲೇ ಇಡಬೇಕು. ಇಂಜೆಕ್ಷನ್ ಮಲಗುವ ಕೋಣೆಯಲ್ಲಿ, ಡಬ್ಬಿ ಬಚ್ಚಲಲ್ಲಿ ಎಂದಾದರೆ ನಡುವೆ ಸೂಜಿ ಮೇಜಿನ ಮೇಲೆ, ದಿಂಬಿನ ಪಕ್ಕ, ಹತ್ತಿಯ ಜೊತೆ ಬೀಳುತ್ತದೆ; ಮೊಮ್ಮಕ್ಕಳ ಕೈಗೆ ಸಿಗುವುದು ಹೀಗೆ. ಮಕ್ಕಳಿಗೆ ಎಟುಕದ ಎತ್ತರದಲ್ಲಿ, ಆದರೆ ಚುಚ್ಚಿಕೊಂಡವರ ತೋಳಿನ ಅಳತೆಯಲ್ಲಿ ಇರಲಿ.

ಸಿರಿಂಜ್ ಬಳಸುವವರ ಕೆಲಸ ಸರಳ. ಇನ್ಸುಲಿನ್ ಸಿರಿಂಜ್‌ನಲ್ಲಿ ಸೂಜಿ ಅಂಟಿಕೊಂಡೇ ಇರುತ್ತದೆ, ಬಿಚ್ಚಲು ಬರುವುದಿಲ್ಲ. ಬಿಚ್ಚಲು, ಬಗ್ಗಿಸಲು, ಮುರಿಯಲು ಹೋಗಬೇಡಿ. ಮುರಿಯುವಾಗ ತುದಿ ಸಿಡಿದು ಕಣ್ಣಿಗೆ ಬೀಳಬಹುದು. ಕ್ಯಾಪ್ ಮತ್ತೆ ಹಾಕಲೂ ಬೇಡಿ. ಸೂಜಿ ಮುಂದಾಗಿ ಇಡೀ ಸಿರಿಂಜನ್ನು ಡಬ್ಬಿಗೆ ಬಿಡಿ. ಆಸ್ಪತ್ರೆಯ ನಿಯಮದಲ್ಲೂ ಸೂಜಿ ಅಂಟಿರುವ ಸಿರಿಂಜ್ ಪೂರ್ತಿಯಾಗಿ ಬಿಳಿ ಡಬ್ಬಿಗೇ ಸೇರಬೇಕಾದದ್ದು.

ಪೆನ್ ಬಳಸುವವರಿಗೆ ಒಂದು ಹೆಚ್ಚಿನ ಹಂತ ಇದೆ, ತಪ್ಪು ಹೆಚ್ಚು ಆಗುವುದೂ ಇಲ್ಲೇ. ಪೆನ್ ನೀಡಲ್‌ಗೆ ಎರಡು ಕ್ಯಾಪ್: ಒಳಗಿನ ಸಣ್ಣದು, ಹೊರಗಿನ ದೊಡ್ಡದು. ಚುಚ್ಚಿಕೊಂಡ ಮೇಲೆ ಒಳಗಿನ ಸಣ್ಣ ಕ್ಯಾಪನ್ನು ಬೆರಳಲ್ಲಿ ಹಿಡಿದು ಮತ್ತೆ ಹಾಕಲು ಹೋದವರು ಬೆರಳಿಗೆ ಚುಚ್ಚಿಕೊಳ್ಳುತ್ತಾರೆ. ಹಾಗೆ ಮಾಡದೆ, ದೊಡ್ಡ ಕ್ಯಾಪನ್ನು ಬಾಯಿ ಮೇಲಾಗಿ ಮೇಜಿನ ಮೇಲೆ ನಿಲ್ಲಿಸಿ. ಇನ್ನೊಂದು ಕೈಯಿಂದ ಅದನ್ನು ಹಿಡಿಯದೆ, ಪೆನ್ನನ್ನು ಮೇಲಿನಿಂದ ಇಳಿಸಿ ಒತ್ತಿ. ಕ್ಯಾಪ್ ಕೂತಮೇಲೆ ಅದನ್ನು ಹಿಡಿದು ತಿರುಗಿಸಿದರೆ ಸೂಜಿ ಕ್ಯಾಪಿನೊಳಗೇ ಕಳಚಿ ಬರುತ್ತದೆ, ಹಾಗೆಯೇ ಡಬ್ಬಿಗೆ ಹಾಕಿ. ಸೂಜಿಯನ್ನು ಮುಂದಿನ ಸಲಕ್ಕೆಂದು ಪೆನ್ನಿನಲ್ಲೇ ಬಿಡುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಅದರಿಂದ ಕಾರ್ಟ್ರಿಜ್‌ಗೆ ಗಾಳಿ ಸೇರುತ್ತದೆ, ಇನ್ಸುಲಿನ್ ಸೋರುತ್ತದೆ, ಮುಂದಿನ ಡೋಸ್ ತಪ್ಪುತ್ತದೆ. ಸೂಜಿಗೆ ದುಡ್ಡು ಸಾಲದೆ ಒಂದನ್ನೇ ಹಲವು ಸಲ ಬಳಸುವವರ ಕಷ್ಟ ನಿಜವಾದದ್ದೇ. ಆದರೂ ಮೊಂಡಾದ ಸೂಜಿಯಿಂದ ಒಂದೇ ಜಾಗದಲ್ಲಿ ಚುಚ್ಚುತ್ತಾ ಹೋದರೆ ಚರ್ಮದಡಿ ಗಂಟು ಕಟ್ಟಿ, ಅಲ್ಲಿ ಹಾಕಿದ ಇನ್ಸುಲಿನ್ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ.

ಲ್ಯಾನ್ಸೆಟ್ ಕೂಡ ಅದೇ ಡಬ್ಬಿಗೆ. ರಕ್ತ ಹತ್ತಿದ ಹತ್ತಿ, ಶುಗರ್ ಸ್ಟ್ರಿಪ್ ಚೂಪಲ್ಲ, ಅವು ಕಾಗದದಲ್ಲಿ ಸುತ್ತಿ ಸ್ಯಾನಿಟರಿ ಕಸದ ಜೊತೆ ಹೋಗಲಿ. ಡಬ್ಬಿಗೆ ತುಂಬಿದರೆ ಜಾಗ ಬೇಗ ಮುಗಿಯುತ್ತದೆ, ಅಷ್ಟೆ.

ಡಬ್ಬಿ ಮುಕ್ಕಾಲು ತುಂಬಿದಾಗ ನಿಲ್ಲಿಸಿ. ಕಂಠದವರೆಗೆ ತುಂಬಿದ ಡಬ್ಬಿಗೆ ಇನ್ನೊಂದನ್ನು ತುರುಕುವಾಗ ಒಳಗಿನ ಸೂಜಿ ಹೊರಮುಖವಾಗಿ ಚುಚ್ಚುತ್ತದೆ. ಮುಚ್ಚಳ ಬಿಗಿದು, ಅದರ ಸುತ್ತ ಗಟ್ಟಿ ಟೇಪನ್ನು ಮೂರು ನಾಲ್ಕು ಸುತ್ತು ಸುತ್ತಿ. ಅಳಿಸದ ಮಾರ್ಕರ್‌ನಲ್ಲಿ ‘ಬಳಸಿದ ಸೂಜಿ, ತೆರೆಯಬೇಡಿ’ ಎಂದು ದೊಡ್ಡದಾಗಿ ಕನ್ನಡದಲ್ಲಿ ಬರೆಯಿರಿ. ಓದಲು ಬಾರದವರೂ ತಿಳಿಯುವಂತೆ ಒಂದು ಸೂಜಿಯ ಚಿತ್ರ, ಅದರ ಮೇಲೆ ಕೆಂಪು ಅಡ್ಡಗೀಟು ಹಾಕಿ. ನಂತರ ಬುಟ್ಟಿಯಲ್ಲಿ ಹುದುಗಿಸದೆ, ಟಿಪ್ಪರ್ ಬಂದಾಗ ಕೈಗೆ ಕೊಟ್ಟು ‘ಇದರಲ್ಲಿ ಸೂಜಿ ಇದೆ ಅಕ್ಕಾ, ಬೇರೆ ಇಡಿ’ ಎಂದು ಬಾಯಿಬಿಟ್ಟು ಹೇಳಿ. ನಿಮಗೆ ಚಿಕಿತ್ಸೆ ಕೊಡುವ ಕ್ಲಿನಿಕ್ಕಿಗೆ ಹೇಗೂ ಸಂಸ್ಕರಣಾ ಘಟಕದ ಗಾಡಿ ಬರುತ್ತದೆ. ತುಂಬಿದ ಡಬ್ಬಿಯನ್ನು ಅಲ್ಲಿ ತೆಗೆದುಕೊಳ್ಳುತ್ತಾರೆಯೇ ಎಂದು ಮೊದಲು ಕೇಳಿ. ಒಪ್ಪಿದರೆ ಟಿಪ್ಪರ್‌ಗಿಂತ ಅದೇ ಹೆಚ್ಚು ಭದ್ರವಾದ ದಾರಿ.

ಕೆಲಸಕ್ಕೆ ಬಾರದ ಉಪಾಯಗಳು

ಒಲೆಯಲ್ಲಿ ಸುಡುವುದು, ತಿಪ್ಪೆಯಲ್ಲಿ ಬೆಂಕಿ ಹಾಕುವುದು ಹಳೆಯ ರೂಢಿ. ಉಕ್ಕು ಕರಗಲು 1,400 ಡಿಗ್ರಿಯಾದರೂ ಬೇಕು. ಮನೆಯ ಬೆಂಕಿಯಲ್ಲಿ ಪ್ಲಾಸ್ಟಿಕ್ ಮಾತ್ರ ಸುಟ್ಟು ವಿಷದ ಹೊಗೆ ಕಾರುತ್ತದೆ, ಸೂಜಿ ಬೂದಿಯಲ್ಲಿ ಚೂಪಾಗಿಯೇ ಉಳಿಯುತ್ತದೆ. ಆ ಬೂದಿ ಪಾತ್ರೆ ತಿಕ್ಕಲೋ ಗಿಡಕ್ಕೋ ಹೋಗುತ್ತದೆ. ಟಾಯ್ಲೆಟ್‌ನಲ್ಲಿ ನೀರು ಬಿಟ್ಟರೆ ಒಳಚರಂಡಿ ಕಟ್ಟಿಕೊಂಡ ದಿನ ಅದನ್ನು ತೆಗೆಯುವವರಿಗೆ ಸಿಗುತ್ತದೆ. ಡಬ್ಬಿಯೊಳಗೆ ಬ್ಲೀಚ್ ಸುರಿಯುವುದೂ ಬೇಡ: ಕೂದಲೆಳೆಯ ಸೂಜಿಯ ಒಳಗಿನ ತೂತಿಗೆ ಅದು ಇಳಿಯುತ್ತದೆ ಎಂದು ಹೇಳಲಾಗದು, ಆದರೆ ಡಬ್ಬಿ ಉರುಳಿದರೆ ಎತ್ತುವವರ ಕಣ್ಣಿಗೆ ಚಿಮ್ಮುವುದು ಖಂಡಿತ. ಆಸ್ಪತ್ರೆಗಳಲ್ಲಿ ಬಳಸುವ ನೀಡಲ್ ಕಟರ್‌ಗಳು ದೊಡ್ಡ ಸೂಜಿಗೆ ಮಾಡಿದವು. 4 ಮಿಲಿಮೀಟರಿನ ಪೆನ್ ನೀಡಲ್ ಅವುಗಳ ಬ್ಲೇಡಿಗೆ ಸಿಗುವುದೇ ಕಷ್ಟ.

ಮಂಡ್ಯದ ಕಡೆ ಹಸು, ಎಮ್ಮೆಗೆ ಕೊಟ್ಟಿಗೆಯಲ್ಲಿ ಕೊಡುವ ಇಂಜೆಕ್ಷನ್‌ಗಳ ಸೂಜಿ ಸಗಣಿಯ ಜೊತೆ ತಿಪ್ಪೆಗೆ ಬೀಳುವುದಿದೆ. ಅವು ದಪ್ಪ, ಉದ್ದ, ಬರಿಗಾಲಿನ ಹಿಮ್ಮಡಿಯನ್ನೂ ದಾಟುವಂಥವು. ಪಶು ಆಸ್ಪತ್ರೆಗಳೂ ಜೈವಿಕ ತ್ಯಾಜ್ಯ ನಿಯಮದ ವ್ಯಾಪ್ತಿಯಲ್ಲೇ ಇವೆ. ಮನೆಗೆ ಬಂದು ಚುಚ್ಚಿದವರು ಸೂಜಿಯನ್ನು ತಮ್ಮ ಕಿಟ್‌ನಲ್ಲೇ ವಾಪಸ್ ಒಯ್ಯಬೇಕು. ಮನೆಗೆ ಬಂದು ರಕ್ತ ತೆಗೆಯುವ ಲ್ಯಾಬಿನವರಿಗೆ, ಹೋಂ ನರ್ಸ್‌ಗಳಿಗೂ ಇದೇ ಮಾತು. ಅವರ ಸೂಜಿ ರಕ್ತನಾಳಕ್ಕೇ ಹೋದದ್ದು, ಅಪಾಯವೂ ಹೆಚ್ಚು. ಕಿಟ್‌ನಲ್ಲಿ ಶಾರ್ಪ್ಸ್ ಡಬ್ಬಿ ಇದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ದಸರೆಯ ಹೊತ್ತಿನಲ್ಲಿ ಊರಿನ ಲಾಡ್ಜ್‌ಗಳೆಲ್ಲ ತುಂಬಿರುತ್ತವೆ. ಬಂದವರಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರು ಇದ್ದೇ ಇರುತ್ತಾರೆ, ಹಾಸಿಗೆ ಮಡಿಚುವ ಹುಡುಗರಿಗೆ ಸೂಜಿ ಚುಚ್ಚುತ್ತದೆ. ರಿಸೆಪ್ಷನ್‌ನಲ್ಲಿ ಒಂದು ಶಾರ್ಪ್ಸ್ ಡಬ್ಬಿ, ಕೋಣೆಯಲ್ಲಿ ಅದರ ಬಗ್ಗೆ ಒಂದು ಸಾಲಿನ ಚೀಟಿ ಇದ್ದರೆ ಸಾಕು. ಕಲ್ಯಾಣ ಮಂಟಪಗಳಿಗೂ ಇದು ಅನ್ವಯ.

ಸಂಸ್ಕರಣಾ ಘಟಕದಲ್ಲಿ ಏನಾಗುತ್ತದೆ

ಸರಿಯಾದ ದಾರಿಯಲ್ಲಿ ಹೋದ ಸೂಜಿ ಆಟೋಕ್ಲೇವ್ ಎಂಬ ಒತ್ತಡದ ಹಬೆಯ ಯಂತ್ರದಲ್ಲಿ ಬೇಯುತ್ತದೆ: ಸಾಮಾನ್ಯ ಮಾದರಿಯಲ್ಲಿ 121 ಡಿಗ್ರಿ ಸೆಲ್ಸಿಯಸ್, 15 ಪಿಎಸ್‌ಐ ಒತ್ತಡ, 60 ನಿಮಿಷಕ್ಕೆ ಕಡಿಮೆಯಿಲ್ಲದಂತೆ, 135 ಡಿಗ್ರಿ, 31 ಪಿಎಸ್‌ಐ ಆದರೆ 45 ನಿಮಿಷ. ಇಲ್ಲವೇ 185 ಡಿಗ್ರಿಯ ಒಣ ಶಾಖದಲ್ಲಿ 150 ನಿಮಿಷದ ಒಂದು ಸುತ್ತು, ಅದರಲ್ಲಿ 90 ನಿಮಿಷ ಕ್ರಿಮಿನಾಶಕ್ಕೆ. ನಂತರ ಛಿದ್ರಗೊಳಿಸಿ ಫೌಂಡ್ರಿಗೆ ಕಳಿಸಬಹುದು, ಲೋಹದ ಡಬ್ಬಿ ಅಥವಾ ಕಾಂಕ್ರೀಟಿನಲ್ಲಿ ಹುದುಗಿಸಬಹುದು, ಸೂಜಿಗೆಂದೇ ಕಟ್ಟಿದ ಕಾಂಕ್ರೀಟ್ ಗುಂಡಿಗೆ ಹಾಕಬಹುದು. ಬೇಯಿಸಿದರೆ ಸಾಲದೆ ಛಿದ್ರ ಯಾಕೆ ಮಾಡಬೇಕು ಎಂದರೆ 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಹಬ್ಬಿದ ಹೆಪಟೈಟಿಸ್ ಬಿ ನೆನೆಯಬೇಕು. ಬಳಸಿದ ಸಿರಿಂಜ್‌ಗಳ ಮರುಬಳಕೆಯೇ ಆ ಸಾವುಗಳಿಗೆ ದಾರಿ ಮಾಡಿದ್ದು. ಆಕಾರ ಉಳಿದ ಸಿರಿಂಜನ್ನು ತೊಳೆದು ಮತ್ತೆ ಪ್ಯಾಕ್ ಮಾಡಬಹುದು, ತುಂಡಾದದ್ದನ್ನು ಮಾಡಲಾಗದು.

ಈ ಯಂತ್ರಗಳು ಬೇರ್ಪಡಿಸಿ ಬಂದ ಸೂಜಿಗೆ ಮಾತ್ರ ಕೆಲಸ ಮಾಡುತ್ತವೆ. ಒಂದು ಟನ್ ಒಣಕಸದಲ್ಲಿ ಹರಡಿಹೋದ ಇನ್ನೂರು ಸೂಜಿಗಳನ್ನು ಹಿಂದಕ್ಕೆ ಆಯಲು ಮತ್ತೆ ಕೈಗಳೇ ಬೇಕು.

ಚುಚ್ಚಿದರೆ

ಗಾಯವನ್ನು ಹರಿಯುವ ನೀರು, ಸೋಪಿನಲ್ಲಿ ತೊಳೆಯಿರಿ. ಹಿಂಡಬೇಡಿ, ಬೆರಳು ಬಾಯಿಗಿಡಬೇಡಿ, ಬ್ಲೀಚ್, ಸ್ಪಿರಿಟ್, ಸುಣ್ಣ, ಅರಿಶಿನ ಯಾವುದನ್ನೂ ಹಚ್ಚಬೇಡಿ. ಹಿಂಡಿದರೆ ಒಳಗೆ ಹೋದದ್ದು ಹೊರಗೆ ಬರುವುದಿಲ್ಲ, ಸುತ್ತಲಿನ ಅಂಗಾಂಶ ನಲುಗುತ್ತದೆ. ಕೆಲಸದ ಮೇಲಿದ್ದವರು ಮೇಸ್ತ್ರಿಗೆ ಆಗಲೇ ತಿಳಿಸಿ, ಪಾಳಿ ಮುಗಿಯಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು. ಎಚ್‌ಐವಿ ತಡೆಯುವ ಔಷಧ ಎರಡು ಗಂಟೆಯೊಳಗೆ ಶುರುವಾದರೆ ಉತ್ತಮ, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ಶುರು ಮಾಡಿದರೆ 28 ದಿನ ತಪ್ಪದೆ ನುಂಗಬೇಕು. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್‌ನಂಥ ಸರ್ಕಾರಿ ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಹೋಗಬಹುದು, ಏಡ್ಸ್ ನಿಯಂತ್ರಣ ಸಂಸ್ಥೆಯ ಉಚಿತ ಸಹಾಯವಾಣಿ 1097. ಯಾರದೆಂದು ತಿಳಿಯದ ಸೂಜಿಗೆ ಔಷಧ ಬೇಕೇ ಬೇಡವೇ ಎಂಬುದನ್ನು ಗಾಯ, ಸೂಜಿಯ ಬಗೆ, ಸಿಕ್ಕ ಜಾಗ ನೋಡಿ ವೈದ್ಯರು ತೀರ್ಮಾನಿಸುತ್ತಾರೆ. ಸೂಜಿಯನ್ನು ಪರೀಕ್ಷೆಗೆಂದು ಹೊತ್ತೊಯ್ಯಬೇಕಿಲ್ಲ, ಅದರಿಂದ ಇನ್ನೊಬ್ಬರಿಗೆ ಚುಚ್ಚುವ ಅಪಾಯವಷ್ಟೇ.

ಹೆಪಟೈಟಿಸ್ ಬಿ ಲಸಿಕೆ ಆಗಿರದಿದ್ದರೆ ಮೊದಲ ಡೋಸ್ ಅಂದೇ ಆಗಬೇಕು. ಇಮ್ಯುನೊಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯಗಳಿರುವ ಇಂಜೆಕ್ಷನ್) ಬೇಕಾದರೆ 24 ಗಂಟೆಯೊಳಗೆ ಕೊಡುವುದು ಒಳ್ಳೆಯದು. ಹೆಪಟೈಟಿಸ್ ಸಿಗೆ ಲಸಿಕೆಯಿಲ್ಲ, ಆದರೆ ಈಗ ಸುಮಾರು 12 ವಾರದ ಮಾತ್ರೆಯಲ್ಲಿ ವಾಸಿಯಾಗುತ್ತದೆ. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಆ ಔಷಧ ಉಚಿತ. ಆದ್ದರಿಂದ ಆರು ವಾರ, ಮೂರು ತಿಂಗಳ ರಕ್ತಪರೀಕ್ಷೆಯನ್ನು ತಪ್ಪಿಸಬಾರದು.

ಕುಕ್ಕರಹಳ್ಳಿ ಕೆರೆ ದಂಡೆಯಲ್ಲೋ ಪಾರ್ಕಿನಲ್ಲೋ ಬಿದ್ದ ಸೂಜಿ ಕಂಡರೆ, ಡಬ್ಬಿಯನ್ನು ಸೂಜಿಯ ಬಳಿ ತನ್ನಿ. ಸೂಜಿಯನ್ನು ಹಿಡಿದು ಡಬ್ಬಿ ಹುಡುಕುತ್ತಾ ನಡೆಯಬೇಡಿ. ಡಬ್ಬಿ ನೆಲದ ಮೇಲೆ ನಿಂತಿರಲಿ, ಕೈಯಲ್ಲಿ ಬೇಡ. ಚಿಮ್ಮಟದಿಂದ ಸಿರಿಂಜ್‌ನ ನಡುಭಾಗ ಹಿಡಿದು, ತುದಿ ನಿಮ್ಮಿಂದ ಆಚೆ ಇರುವಂತೆ ಒಳಗೆ ಬಿಡಿ.

ಪಾಲಿಕೆ ಮಾಡಬಹುದಾದದ್ದು

ಒಂದು ಅಂದಾಜು ಹಾಕೋಣ. ಒಂದು ವಾರ್ಡಿನಲ್ಲಿ ಇನ್ನೂರು ಜನ ದಿನಕ್ಕೆರಡು ಸೂಜಿ ಬಳಸುತ್ತಾರೆ, ಅರ್ಧ ಜನರದು ಸಿರಿಂಜ್, ಅರ್ಧ ಜನರದು ಪೆನ್ ಎಂದುಕೊಂಡರೆ ತಿಂಗಳಿಗೆ 12,000 ಸೂಜಿ. ಸಿರಿಂಜ್‌ಗಳಿಗೆ ನೂರು ಲೀಟರ್, ಪೆನ್ ನೀಡಲ್‌ಗಳಿಗೆ ಮೂವತ್ತು ಲೀಟರ್ ಜಾಗ ಬೇಕು. ವಾರಕ್ಕೆ ಮೂವತ್ತು ಲೀಟರಿನ ಆಸುಪಾಸು. ಅಂದರೆ ವಾರ್ಡಿಗೊಂದು ಬೀಗ ಹಾಕಿದ, ಒಳಗೆ ಹಾಕಿದ್ದನ್ನು ಹೊರಗೆ ತೆಗೆಯಲಾಗದ ಬಿಳಿ ಪೆಟ್ಟಿಗೆ ಸಾಕು. ಅದನ್ನು ಶೂನ್ಯ ತ್ಯಾಜ್ಯ ಘಟಕದಲ್ಲಿ ಅಥವಾ ನಗರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇಡಬಹುದು. ಆರೋಗ್ಯ ಕೇಂದ್ರಕ್ಕೆ ಸಂಸ್ಕರಣಾ ಘಟಕದ ಗಾಡಿ ಹೇಗೂ ಬರುವುದರಿಂದ ಅಲ್ಲಿಟ್ಟರೆ ಹೊಸ ಸಾಗಣೆಯ ಖರ್ಚು ಕಡಿಮೆ. ಟಿಪ್ಪರ್‌ನಲ್ಲಿ ಚಾಲಕನ ಪಕ್ಕ, ಕಸದಿಂದ ದೂರ, ಹತ್ತು ಲೀಟರಿನ ಮುಚ್ಚಳವಿರುವ ಬಕೆಟ್ ಒಂದನ್ನು ಕೊಂಡಿ ಹಾಕಿ ನಿಲ್ಲಿಸಬೇಕು. ಮನೆಯಿಂದ ಬಂದ ಡಬ್ಬಿ ತೆರೆಯದೆ ಅದರಲ್ಲಿ ಕೂತು, ದಿನದ ಕೊನೆಗೆ ಪೆಟ್ಟಿಗೆ ಸೇರುತ್ತದೆ. ಪ್ರತಿದಿನವೂ ಬೇಡ, ತಿಂಗಳಲ್ಲಿ ಎರಡು ನಿಗದಿತ ದಿನ ‘ಸೂಜಿ ಡಬ್ಬಿ ಕೊಡಿ’ ಎಂದು ಟಿಪ್ಪರ್‌ನ ಧ್ವನಿವರ್ಧಕದಲ್ಲಿ ಕೂಗಿದರೆ ಆಯಿತು.

ಸಂಸ್ಕರಣಾ ಘಟಕದೊಡನೆ ಮಾಡುವ ಒಪ್ಪಂದದಲ್ಲಿ ಮನೆಗಳ ಸೂಜಿಯನ್ನು ಬೇರೆ ಸಾಲಾಗಿ ಬರೆಯಬೇಕು: ಯಾವ ಕೇಂದ್ರದಿಂದ, ವಾರದ ಯಾವ ದಿನ, ತೂಕಕ್ಕೆ ಎಷ್ಟು ದರ, ಬಾರ್‌ಕೋಡ್ ಯಾರ ಹೆಸರಿನಲ್ಲಿ. ಇದಿಲ್ಲದೆ ಪೆಟ್ಟಿಗೆ ಮಾತ್ರ ಇಟ್ಟರೆ ಒಂದು ತಿಂಗಳಿಗೆ ತುಂಬಿ, ಎರಡನೇ ತಿಂಗಳಿಗೆ ಉಕ್ಕಿ, ಮೂರನೇ ತಿಂಗಳಿಗೆ ಯಾರೋ ಅದನ್ನು ಟಿಪ್ಪರ್‌ಗೇ ಸುರಿಯುತ್ತಾರೆ. ಸಿರಿಂಜ್ ಮಾರುವ ಅಂಗಡಿಗಳು, ಇನ್ಸುಲಿನ್ ಬರೆಯುವ ವೈದ್ಯರು ಮೊದಲ ಚೀಟಿಯ ಜೊತೆಗೇ ಡಬ್ಬಿಯ ಮಾತು ಹೇಳಬೇಕು. ಚುಚ್ಚುವುದನ್ನು ಕಲಿಸುವ ದಿನವೇ ಎಸೆಯುವುದನ್ನೂ ಕಲಿಸದಿದ್ದರೆ ಆಮೇಲೆ ಅಭ್ಯಾಸ ತಿದ್ದುವುದು ಕಷ್ಟ.

ಇವೆಲ್ಲ ಆಗಲು ತಿಂಗಳುಗಳು ಬೇಕು. ಪೌರಕಾರ್ಮಿಕರಿಗೆ ಲಸಿಕೆ ಮಾತ್ರ ಈ ವಾರವೇ ಶುರುಮಾಡಬಹುದು. ಕಾಯಂ, ಗುತ್ತಿಗೆ, ಟಿಪ್ಪರ್ ಚಾಲಕರು, ವಿಂಗಡಣೆಯ ಹೆಂಗಸರು, ಗುಜರಿ ಆಯುವವರು ಎಂಬ ಭೇದವಿಲ್ಲದೆ ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್: ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ. ಜೊತೆಗೆ ಧನುರ್ವಾಯು ತಡೆಯುವ ಟಿಡಿ ಚುಚ್ಚುಮದ್ದು. ಮೊದಲ ಡೋಸ್‌ಗೆ ಶಿಬಿರ ಮಾಡಿ ಫೋಟೊ ತೆಗೆಸಿಕೊಂಡು, ಮೂರನೆಯದನ್ನು ಮರೆಯುವುದು ಇಂಥ ಕಾರ್ಯಕ್ರಮಗಳು ಸೋಲುವ ರೀತಿ. ಆದ್ದರಿಂದ ಮೂರೂ ದಿನಾಂಕಗಳನ್ನು ಹಾಜರಿ ಪುಸ್ತಕದಲ್ಲೇ ಗುರುತು ಹಾಕಿಡಬೇಕು. ಮೂರನೇ ಡೋಸ್ ಆದ ಒಂದೆರಡು ತಿಂಗಳಿಗೆ ರಕ್ತದಲ್ಲಿ ಪ್ರತಿಕಾಯ ರಕ್ಷಣೆಗೆ ಸಾಕಾಗುವಷ್ಟು, ಅಂದರೆ ಮಿಲಿಲೀಟರಿಗೆ ಕನಿಷ್ಠ 10 ಮಿಲಿ ಯೂನಿಟ್ ಇದೆಯೇ ಎಂದು ಲ್ಯಾಬ್ ನೋಡಿ ಹೇಳಬಲ್ಲದು. ಆ ಫಲಿತಾಂಶ ಕಾರ್ಮಿಕರ ಗುರುತಿನ ಚೀಟಿಯ ಹಿಂಬದಿಯಲ್ಲಿ ಬರೆದಿದ್ದರೆ, ಸೂಜಿ ಚುಚ್ಚಿದ ದಿನ ಇಮ್ಯುನೊಗ್ಲೋಬ್ಯುಲಿನ್ ಬೇಕೇ ಬೇಡವೇ ಎಂದು ತೀರ್ಮಾನಿಸಲು ತುರ್ತು ವಿಭಾಗದ ವೈದ್ಯರು ಇನ್ನೊಂದು ಪರೀಕ್ಷೆಗೆ ಕಾಯಬೇಕಾಗಿಲ್ಲ.